ಮಿದುಳಿಗೆ ಬಿದ್ದ ಹೆಪ್ಪು

ನಮ್ಮ ಮನೆಯಲ್ಲಿ ರಾತ್ರಿ ಹಾಲಿಗೆ ಹೆಪ್ಪು ಹಾಕುವುದು ಅಮ್ಮನ ಕೆಲಸ. ಊಟ ಮುಗಿದು, ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಕೊನೆಗೆ ಹಾಲಿಗೆ ಕಿರುಬೆರಳು ಅದ್ದಿ ನೋಡುತ್ತಿದ್ದರು. ಉಗುರುಬೆಚ್ಚಗಿದ್ದರೆ ಅರ್ಧ ಚಮಚ ಮೊಸರು ಬಿಟ್ಟು, ಎರಡು ಸುತ್ತು ತಿರುವಿ, ತಟ್ಟೆ ಮುಚ್ಚಿ, ದೀಪ ಆರಿಸುತ್ತಿದ್ದರು. ನಲವತ್ತು ವರ್ಷ ಇದು ತಪ್ಪಿದ್ದು ನನಗೆ ನೆನಪಿಲ್ಲ. ಒಂದು ದಿನ ಬೆಳಿಗ್ಗೆ ತಟ್ಟೆ ತೆಗೆದರೆ ಹಾಲು ಹಾಲಾಗಿಯೇ ಇತ್ತು. ನಾಲ್ಕು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಇನ್ನೊಂದು ದಿನ ಮೊಸರು ಬಾಯಿಗಿಡಲಾರದಷ್ಟು ಹುಳಿ. ಹಾಕಿದ್ದನ್ನು ಮರೆತು ಮತ್ತೆ ಮತ್ತೆ ಹೆಪ್ಪು ಹಾಕಿದ್ದರು.

ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಅಮ್ಮನಿಗೆ ಎಪ್ಪತ್ತು ದಾಟಿತು, ಇದೆಲ್ಲ ಇದ್ದದ್ದೇ ಅಂದೆವು. ನಾನೂ ಅಂದೆ. ಆಗ ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ಪೆಥಾಲಜಿ ಕಲಿಸುತ್ತಿದ್ದೆ. ಮರೆವು ತರುವ ಅಲ್ಝೈಮರ್ ಕಾಯಿಲೆಯ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, "ಇಲ್ಲಿ ನೋಡಿ, ಇದೇ ಪ್ಲಾಕ್" ಅಂತ ವರ್ಷ ವರ್ಷವೂ ತೋರಿಸುತ್ತಿದ್ದೆ. ಆದರೂ ಮನೆಯ ಹಾಲಿನ ಪಾತ್ರೆಗೂ ಆ ಸ್ಲೈಡಿಗೂ ಸಂಬಂಧ ಇರಬಹುದು ಅಂತ ಹೊಳೆಯಲು ಎರಡು ವರ್ಷ ಬೇಕಾಯಿತು. ಆ ಎರಡು ವರ್ಷದ ನೋವು ನನಗೆ ಇವತ್ತಿಗೂ ಇದೆ. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಆ ಸ್ಲೈಡಿನಲ್ಲಿ ಏನು ಕಾಣುತ್ತದೆ ಅಂತ ಹೇಳುತ್ತೇನೆ. ತೀರಿಕೊಂಡವರ ಮಿದುಳಿನಿಂದ ಈರುಳ್ಳಿ ಪೊರೆಗಿಂತ ತೆಳ್ಳಗೆ ಒಂದು ಹಾಳೆ ಕತ್ತರಿಸುತ್ತೇವೆ. ಅದಕ್ಕೆ ಬೆಳ್ಳಿಯ ಲವಣದ ಬಣ್ಣ ಹಾಕುತ್ತೇವೆ. ಹಳೆಯ ಕಾಲದ ಫೋಟೋದಲ್ಲಿ ಬೆಳ್ಳಿ ಕಪ್ಪಾಗುತ್ತಿತ್ತಲ್ಲ, ಹಾಗೆಯೇ ಇಲ್ಲೂ ಬೆಳ್ಳಿ ಕೆಲವು ಕಡೆ ಮಾತ್ರ ಅಂಟಿ ಕಪ್ಪಾಗುತ್ತದೆ. ಕಣ್ಣಿಟ್ಟು ನೋಡಿದರೆ ಹಳದಿ ಕಂದು ಹಿನ್ನೆಲೆ, ಅದರ ಮೇಲೆ ಅಲ್ಲಲ್ಲಿ ದುಂಡನೆಯ ಕಪ್ಪು ಕಲೆಗಳು. ಕಲೆಯ ನಡುವೆ ದಟ್ಟವಾದ ತಿರುಳು. ಸುತ್ತ ಒಂದು ತಿಳಿಯಾದ ಉಂಗುರ. ಅದರ ಆಚೆ ಊದಿಕೊಂಡು ಸೊಟ್ಟಗಾದ ನರತಂತುಗಳ ತುದಿಗಳು. ಒಂದೊಂದು ಕಲೆಯೂ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಇದೇ ಪ್ಲಾಕ್. ಇದು ನರಕೋಶಗಳ ಹೊರಗೆ, ಕೋಶ ಕೋಶಗಳ ನಡುವಿನ ಜಾಗದಲ್ಲಿ ಕೂತಿರುತ್ತದೆ.

ಅದೇ ಸ್ಲೈಡಿನಲ್ಲಿ ಇನ್ನೊಂದಿದೆ. ನರಕೋಶದ ಒಳಗೇ ಬೆಂಕಿ ಜ್ವಾಲೆಯ ಆಕಾರದಲ್ಲಿ ಕಪ್ಪು ಎಳೆಗಳ ಒಂದು ಸಿಕ್ಕು. ಬಾಚದೆ ಬಿಟ್ಟ ಕೂದಲಿನ ಸಿಕ್ಕಿನ ಹಾಗೆ. ಕೆಲವು ಕಡೆ ನರಕೋಶ ಸತ್ತು ಕರಗಿಹೋಗಿರುತ್ತದೆ, ಸಿಕ್ಕು ಮಾತ್ರ ಅದರ ಆಕಾರದಲ್ಲೇ ಉಳಿದಿರುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಅಲ್ಲಿ ಒಂದು ನಿಮಿಷ ನಿಂತೇ ಮುಂದೆ ಹೋಗಿದ್ದೇನೆ.

ಹೊರಗಿನ ಕಲೆ, ಒಳಗಿನ ಸಿಕ್ಕು. ಈ ಎರಡನ್ನೂ ನೆನಪಿನಲ್ಲಿಡಿ. ಮತ್ತೆ ಬರುತ್ತೇನೆ.

ಇವೆರಡನ್ನೂ ಒಬ್ಬ ರೋಗಿಯ ಮರೆವಿಗೆ ಜೋಡಿಸಿ ಜಗತ್ತಿಗೆ ಹೇಳಿದವರು ಜರ್ಮನಿಯ ಅಲೋಯಿಸ್ ಅಲ್ಝೈಮರ್. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಆಗುಸ್ಟ ಡೆಟರ್ ಅನ್ನುವ ಹೆಂಗಸನ್ನು ಸೇರಿಸಿದರು. ವಯಸ್ಸು 51. ಗಂಡ ರೈಲ್ವೆಯಲ್ಲಿ ಗುಮಾಸ್ತ. ಅಲ್ಝೈಮರ್ ಆಕೆಯ ಎದುರು ಕೂತು ಕೇಳಿದ ಒಂದೊಂದು ಪ್ರಶ್ನೆಯನ್ನೂ, ಬಂದ ಉತ್ತರವನ್ನೂ ಹಾಗೆಯೇ ಬರೆದಿಟ್ಟರು. ಹೆಸರೇನು? ಆಗುಸ್ಟ. ಮನೆತನದ ಹೆಸರು? ಆಗುಸ್ಟ. ಗಂಡನ ಹೆಸರು? ಆಗುಸ್ಟ ಅನ್ಸುತ್ತೆ. ಮಧ್ಯಾಹ್ನ ಹೂಕೋಸು, ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಅಂತ ಕೇಳಿದರೆ ಪಾಲಕ್ ಸೊಪ್ಪು ಅಂದಳು. ಹೆಸರು ಬರೆಯಿರಿ ಅಂದರೆ 'ಶ್ರೀಮತಿ' ಅನ್ನುವುದಕ್ಕೆ ಜರ್ಮನ್‌ನಲ್ಲಿರುವ ಪದ ಒಂದನ್ನು ಬರೆದು, ಮುಂದೇನು ಅಂತ ಮರೆತಳು. ನಡುವೆ ಒಂದು ಮಾತು ಹೇಳಿದಳು: "ನಾನು ನನ್ನನ್ನೇ ಕಳಕೊಂಡಿದ್ದೀನಿ."

ಈ ಮಾತು ಓದಿದಾಗೆಲ್ಲ ನನಗೆ ಅನ್ನಿಸುವುದು, ಆಕೆಗೆ ಗೊತ್ತಿತ್ತು ಅಲ್ವಾ? ತನಗೆ ಏನೋ ಆಗುತ್ತಿದೆ ಅಂತ ಒಳಗೆ ಗೊತ್ತಿತ್ತು. ಮರೆಯುವವರಿಗೆ ಮರೆಯುತ್ತಿರುವುದು ತಿಳಿಯುವುದೇ ಇಲ್ಲ ಅಂತ ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಶುರುವಿನಲ್ಲಿ ಬಹಳ ಜನಕ್ಕೆ ತಿಳಿಯುತ್ತದೆ. ಅಮ್ಮನೂ ಹಾಲಿನ ಪಾತ್ರೆ ಮುಂದೆ ನಿಂತು ನಮ್ಮ ಮುಖ ನೋಡುತ್ತಿದ್ದರು. ನಾವು ಬೈಯುತ್ತೇವೇನೋ ಅನ್ನುವ ಹಾಗೆ.

ಆಗುಸ್ಟ 1906ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಅಲ್ಝೈಮರ್ ಮ್ಯೂನಿಕ್‌ಗೆ ಹೋಗಿದ್ದರು. ಅಲ್ಲಿಗೆ ಆಕೆಯ ಮಿದುಳು ತರಿಸಿಕೊಂಡು ನೋಡಿದರು. ಬೆಳ್ಳಿಯ ಬಣ್ಣ ಹಾಕುವ ಹೊಸ ವಿಧಾನ ಬಂದು ಆಗಿನ್ನೂ ನಾಲ್ಕು ವರ್ಷ. ಅದಿಲ್ಲದಿದ್ದರೆ ಸಿಕ್ಕು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕಲೆಗಳನ್ನು ಅವರು ಸಿರಿಧಾನ್ಯದ ಕಾಳಿಗೆ ಹೋಲಿಸುವ ಪದದಿಂದ ಕರೆದರು. ನಮ್ಮ ನವಣೆ, ಸಾಮೆ ಇದ್ದ ಹಾಗೆ. 1906ರ ನವೆಂಬರ್ 3ರಂದು ಟ್ಯೂಬಿಂಗನ್ ಊರಿನಲ್ಲಿ ವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದರು. ಸಭೆಯಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಕಾಯಿಲೆಗೆ ಅವರ ಹೆಸರು ಬಂದದ್ದು 1910ರಲ್ಲಿ, ಅವರ ಹಿರಿಯ ಎಮಿಲ್ ಕ್ರೆಪೆಲಿನ್ ಬರೆದ ಪಠ್ಯಪುಸ್ತಕದಲ್ಲಿ. 1915ರಲ್ಲಿ ಅಲ್ಝೈಮರ್ ತೀರಿಕೊಂಡಾಗ ಅವರಿಗೂ 51 ವರ್ಷ. ಆಗುಸ್ಟಳ ಕಡತ ಕಳೆದೇ ಹೋಯಿತು ಅಂದುಕೊಂಡಿದ್ದರು. 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲೇ ಸಿಕ್ಕಿತು. ಅದಕ್ಕೇ ಈ ಪ್ರಶ್ನೋತ್ತರಗಳನ್ನು ನಾವು ಇವತ್ತು ಓದಬಹುದು.

ಇಲ್ಲಿ ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಪ್ರಾಗ್ ನಗರದ ಆಸ್ಕರ್ ಫಿಷರ್. 1907ರಲ್ಲಿ ಅವರು ಮುಪ್ಪಿನ ಮರೆವಿನಿಂದ ಸತ್ತ 16 ಜನರ ಮಿದುಳು ನೋಡಿ, 12ರಲ್ಲಿ ಈ ಕಲೆಗಳಿವೆ ಅಂತ ಬರೆದರು. ಅಲ್ಝೈಮರ್ ನೋಡಿದ್ದು ಒಬ್ಬ ಹೆಂಗಸಿನ ಮಿದುಳು, ಫಿಷರ್ ನೋಡಿದ್ದು ಒಂದು ಗುಂಪಿನದು. ಫಿಷರ್ ಯಹೂದಿ. 1942ರಲ್ಲಿ ನಾಜಿಗಳ ತೆರೇಜಿನ್ ಸೆರೆಮನೆಯಲ್ಲಿ ಸತ್ತರು. ಅವರ ಹೆಸರು ಪುಸ್ತಕಗಳಿಂದ ಬಹಳ ಕಾಲ ಅಳಿಸಿಹೋಗಿತ್ತು. ಮರೆವಿನ ಬಗ್ಗೆ ಮಾತಾಡುವಾಗಲಾದರೂ ಅವರನ್ನು ನೆನೆಯಬೇಕು ಅಂತ ನನಗೆ ಅನ್ನಿಸುತ್ತದೆ.

ಸರಿ, ಆ ಕಪ್ಪು ಕಲೆ ಯಾವುದರಿಂದ ಆಗಿದೆ? ಹೃದಯದ ರಕ್ತನಾಳದಲ್ಲಿ ಕಟ್ಟುವುದಕ್ಕೂ ಪ್ಲಾಕ್ ಅಂತಾರೆ. ಅದು ಕೊಬ್ಬು. ಇದು ಅದಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುತ್ತದಲ್ಲ, ಅದೂ ಅಲ್ಲ. ಇದು ಪ್ರೋಟೀನ್. ಅಮೈಲಾಯ್ಡ್ ಬೀಟಾ ಅಂತ ಅದರ ಹೆಸರು. ಅಮೈಲಾಯ್ಡ್ ಅಂದರೆ ಪಿಷ್ಟದಂಥದ್ದು. 1854ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋವ್ ಇಂಥ ವಸ್ತುವಿಗೆ ಅಯೋಡಿನ್ ಹಾಕಿದಾಗ ಗಂಜಿಗೆ ಬರುವಂಥ ಬಣ್ಣ ಬಂತು, ಅದಕ್ಕೇ ಆ ಹೆಸರು. ಪಿಷ್ಟ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಉಳಿಯಿತು.

ನಮ್ಮ ನರಕೋಶದ ಪೊರೆಯಲ್ಲಿ ಒಂದು ಉದ್ದನೆಯ ಪ್ರೋಟೀನ್ ಇದೆ. ಸ್ವಲ್ಪ ಭಾಗ ಒಳಗೆ, ಹೆಚ್ಚಿನ ಭಾಗ ಹೊರಗೆ ಚಾಚಿಕೊಂಡಿರುತ್ತದೆ. ಕೆಲಸ ಮುಗಿದ ಮೇಲೆ ಕಿಣ್ವಗಳು ಬಂದು ಅದನ್ನು ಕತ್ತರಿಸುತ್ತವೆ. ಒಂದು ಕಿಣ್ವ ಒಂದು ಜಾಗದಲ್ಲಿ ಕತ್ತರಿಸಿದರೆ ಏನೂ ತೊಂದರೆಯಿಲ್ಲ. ಬೇರೆ ಎರಡು ಕಿಣ್ವಗಳು ಬೇರೆ ಎರಡು ಕಡೆ ಕತ್ತರಿಸಿದರೆ ನಡುವಿನ ಒಂದು ಚೂರು ಬಿದ್ದುಹೋಗುತ್ತದೆ. 40 ಅಥವಾ 42 ಅಮೈನೋ ಆಮ್ಲಗಳ ಚೂರು. ಅಮೈನೋ ಆಮ್ಲ ಅಂದರೆ ಪ್ರೋಟೀನ್ ಅನ್ನುವ ಸರದ ಒಂದೊಂದು ಮಣಿ. ಅದೇ ಅಮೈಲಾಯ್ಡ್ ಬೀಟಾ. 40ರ ಚೂರಿಗಿಂತ 42ರ ಚೂರಿಗೆ ಅಂಟು ಜಾಸ್ತಿ. ಬರೀ ಎರಡು ಮಣಿ ಹೆಚ್ಚು, ಅಷ್ಟಕ್ಕೇ ಅಷ್ಟು ವ್ಯತ್ಯಾಸ.

ಗಾಬರಿ ಬೀಳಬೇಡಿ. ಈ ಚೂರು ನನ್ನ ಮಿದುಳಿನಲ್ಲೂ ಈಗ ತಯಾರಾಗುತ್ತಿದೆ, ನಿಮ್ಮದರಲ್ಲೂ ಆಗುತ್ತಿದೆ. ಪ್ರತಿ ಮನೆಯಲ್ಲೂ ಕಸ ಆಗುತ್ತದೆ, ಗುಡಿಸಿ ಹಾಕುತ್ತೇವೆ, ಹಾಗೆ. ಗುಡಿಸುವುದು ನಿಧಾನವಾದರೆ ಅಥವಾ ಕಸವೇ ಜಾಸ್ತಿಯಾದರೆ ಆಗ ತೊಂದರೆ. ಗುಡಿಸುವ ಕೆಲಸ ನಿದ್ದೆಯಲ್ಲಿ ಚುರುಕಾಗುತ್ತದೆ ಅಂತ 2013ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡುಬಂತು. ಅದರ ಮೇಲೆ ವಿಜ್ಞಾನಿಗಳಲ್ಲಿ ಇನ್ನೂ ವಾದ ನಡೆಯುತ್ತಿದೆ.

ಜಾಸ್ತಿಯಾದ ಚೂರುಗಳು ಒಂದಕ್ಕೊಂದು ಅಂಟುತ್ತವೆ. ಹೇಗೆ ಅಂಟುತ್ತವೆ ಅನ್ನುವುದೇ ಇಡೀ ಕಥೆಯ ತಿರುಳು. ಪ್ರೋಟೀನ್ ಅಂದರೆ ಮಣಿಸರ. ಸರಿಯಾಗಿ ಮಡಿಸಿಕೊಂಡರೆ ಕೆಲಸಕ್ಕೆ ಬರುತ್ತದೆ. ತಪ್ಪಾಗಿ ಮಡಿಸಿಕೊಂಡರೆ ಚಪ್ಪಟೆಯಾಗಿ, ಸೀರೆಯ ನೆರಿಗೆ ಹಿಡಿದ ಹಾಗೆ ಆಗುತ್ತದೆ. ಚಪ್ಪಟೆಯಾದ ಒಂದರ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತದೆ. ಮಂಗಳೂರು ಹಂಚು ಪೇರಿಸಿದ ಹಾಗೆ, ಒಂದರ ಏಣಿನ ಮೇಲೆ ಇನ್ನೊಂದರ ಏಣು. ಪೇರಿಸುತ್ತಾ ಹೋದರೆ ಗಟ್ಟಿ ಎಳೆಯಾಗುತ್ತದೆ. ಎಳೆಗಳು ಸೇರಿ ಕಲೆ. ಪ್ರೋಟೀನ್ ಒಡೆಯಲು ನಮ್ಮ ದೇಹದಲ್ಲಿರುವ ಕಿಣ್ವಗಳಿಗೆ ಅದು ಬಗ್ಗುವುದಿಲ್ಲ.

ಈಗ ಹೆಪ್ಪಿಗೆ ಬರುತ್ತೇನೆ. ಒಮ್ಮೆ ತಪ್ಪಾಗಿ ಮಡಿಸಿಕೊಂಡ ಪ್ರೋಟೀನ್ ಪಕ್ಕದಲ್ಲಿರುವ ಒಳ್ಳೆಯ ಪ್ರೋಟೀನನ್ನು ಮುಟ್ಟಿದರೆ ಅದೂ ತಪ್ಪಾಗಿ ಮಡಿಸಿಕೊಳ್ಳುತ್ತದೆ. ಅದು ಇನ್ನೊಂದನ್ನು, ಆ ಇನ್ನೊಂದು ಮತ್ತೊಂದನ್ನು. ಅರ್ಧ ಚಮಚ ಮೊಸರು ಇಡೀ ಪಾತ್ರೆಯ ಹಾಲನ್ನು ಬದಲಾಯಿಸುವ ಹಾಗೆ. ವ್ಯತ್ಯಾಸ ಏನು ಗೊತ್ತಾ? ಮೊಸರಿನಲ್ಲಿ ಆ ಕೆಲಸ ಮಾಡುವುದು ಜೀವ ಇರುವ ಬ್ಯಾಕ್ಟೀರಿಯಾ. ಇಲ್ಲಿ ಜೀವವೇ ಇಲ್ಲ. ಬರೀ ಒಂದು ಆಕಾರ. ಆಕಾರವೇ ಆಕಾರವನ್ನು ಹಬ್ಬಿಸುತ್ತದೆ.

1982ರಲ್ಲಿ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್ ಇಂಥ ಪ್ರೋಟೀನಿಗೆ ಪ್ರಿಯಾನ್ ಅಂತ ಹೆಸರಿಟ್ಟಾಗ ಬಹಳ ವಿಜ್ಞಾನಿಗಳು ನಂಬಲಿಲ್ಲ. ಜೀವ ಇಲ್ಲದ್ದು ಹೇಗೆ ಹರಡುತ್ತದೆ ಅಂತ ಅವರ ಪ್ರಶ್ನೆ. 1997ರಲ್ಲಿ ಅದಕ್ಕೇ ನೊಬೆಲ್ ಬಂತು. ಪಪುವಾ ನ್ಯೂಗಿನಿಯ ಫೋರೆ ಜನರಲ್ಲಿ ಇಂಥ ಪ್ರಿಯಾನಿನಿಂದ ಬರುವ ಕುರು ಅನ್ನುವ ಕಾಯಿಲೆ ಇತ್ತು. ಸತ್ತವರ ಮೇಲಿನ ಪ್ರೀತಿಗೆ, ಅವರು ತಮ್ಮೊಳಗೇ ಉಳಿಯಲಿ ಅಂತ ಆ ಜನ ಅವರ ದೇಹವನ್ನು ತಿನ್ನುತ್ತಿದ್ದರು. ಮಿದುಳಿನ ಭಾಗ ಹೆಚ್ಚಾಗಿ ಹೆಂಗಸರು, ಮಕ್ಕಳ ಪಾಲಿಗೆ ಬರುತ್ತಿತ್ತು. ಅವರೇ ಹೆಚ್ಚಾಗಿ ನಡುಗಿ, ನಡಿಗೆ ತಪ್ಪಿ ಸತ್ತರು. ಆ ಪದ್ಧತಿ ನಿಂತ ಮೇಲೂ ದಶಕಗಳ ತನಕ ಒಬ್ಬೊಬ್ಬರಿಗೆ ಕಾಯಿಲೆ ಬರುತ್ತಲೇ ಇತ್ತು. ಹೆಪ್ಪು ಅಷ್ಟು ವರ್ಷ ಸುಮ್ನೆ ಕೂತಿತ್ತು.

ಅಲ್ಝೈಮರ್ ಅಮೈಲಾಯ್ಡಿಗೂ ಈ ಹೆಪ್ಪಿನ ಗುಣ ಇದೆಯೇ? ಇದೆ ಅಂತ ಹೇಳುವ ಒಂದು ದುಃಖದ ಪುರಾವೆ ಬ್ರಿಟನ್ನಿನಿಂದ ಬಂದಿದೆ. ಎತ್ತರ ಬೆಳೆಯದ ಮಕ್ಕಳಿಗೆ ಅಲ್ಲಿ 1959ರಿಂದ 1985ರ ತನಕ ಸತ್ತವರ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಹಾರ್ಮೋನು ಚುಚ್ಚುತ್ತಿದ್ದರು. ಅವರಲ್ಲಿ ಕೆಲವರಿಗೆ ದೊಡ್ಡವರಾದ ಮೇಲೆ ಪ್ರಿಯಾನ್ ಕಾಯಿಲೆ ಬಂತು. ಸತ್ತ ಮೇಲೆ ನೋಡಿದರೆ ಅವರ ಮಿದುಳಿನಲ್ಲಿ, ಆ ವಯಸ್ಸಿನಲ್ಲಿ ಇರಬಾರದಷ್ಟು ಅಮೈಲಾಯ್ಡ್ ಇತ್ತು. 2015ರಲ್ಲಿ ಇದು ಪ್ರಕಟವಾಯಿತು. ಆ ಔಷಧ ನಿಂತು ನಲವತ್ತು ವರ್ಷವಾಯಿತು. ಆದ್ದರಿಂದ ಇದನ್ನು ಕೇಳಿ ಹೆದರಬೇಡಿ. ಅಲ್ಝೈಮರ್ ಇರುವವರನ್ನು ಮುಟ್ಟುವುದರಿಂದ, ಊಟ ಮಾಡಿಸುವುದರಿಂದ, ಅವರ ಪಕ್ಕ ಮಲಗುವುದರಿಂದ ಕಾಯಿಲೆ ಅಂಟುವುದಿಲ್ಲ. ಯಾರಾದರೂ ಅಂಟುತ್ತೆ ಅಂದರೆ ದಯವಿಟ್ಟು ತಿದ್ದಿ.

ಒಂದು ಮಾತು, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಬಗ್ಗೆ. ಅಲ್ಲೂ ಇದೇ ಕಥೆ, ಪ್ರೋಟೀನ್ ಬೇರೆ. ಹೆಸರು ಆಲ್ಫಾ ಸಿನ್ಯೂಕ್ಲಿನ್. ನರಕೋಶದ ಒಳಗೆ ಉಂಡೆ ಕಟ್ಟುತ್ತದೆ. ಅದನ್ನು 1912ರಲ್ಲಿ ಬರೆದ ಲೆವಿ ಅಲ್ಝೈಮರ್ ಲ್ಯಾಬಿನಲ್ಲೇ ಕೆಲಸ ಮಾಡಿದವರು. ಮಿದುಳಿನ ಕಾಂಡದ ಮೇಲ್ಭಾಗವನ್ನು ಅಡ್ಡ ಕತ್ತರಿಸಿದರೆ ಆರೋಗ್ಯವಂತರಲ್ಲಿ ಎರಡೂ ಕಡೆ ಕಾಡಿಗೆ ತೀಡಿದ ಹಾಗೆ ಒಂದು ಕಪ್ಪು ಗೆರೆ ಕಾಣುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಆ ಕಾಡಿಗೆ ಅಳಿಸಿಹೋಗಿರುತ್ತದೆ. ನಮ್ಮ ಬೇಲಿ ಸಾಲಿನ ನಸುಗುನ್ನಿ ಬಳ್ಳಿ ಗೊತ್ತಲ್ಲ, ಮುಟ್ಟಿದರೆ ಮೈಯೆಲ್ಲ ತುರಿಕೆ. ಅದರ ಬೀಜದಲ್ಲಿ ಪಾರ್ಕಿನ್ಸನ್ನಿಗೆ ಕೊಡುವ ಎಲ್-ಡೋಪಾ ಅನ್ನುವ ವಸ್ತುವೇ ಇದೆ. ನಡುಕಕ್ಕೆ ಅದು ನೆರವಾಗುತ್ತದೆ, ಉಂಡೆಯನ್ನು ಕರಗಿಸುವುದಿಲ್ಲ. ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬೇರೆ, ಮನೆಯಲ್ಲೇ ಪುಡಿ ಮಾಡಿ ತಿನ್ನಬೇಡಿ. ಹಂಟಿಂಗ್‌ಟನ್, ಎಎಲ್‌ಎಸ್ ಅನ್ನುವ ನರಗಳ ಕಾಯಿಲೆಗಳಲ್ಲೂ ಒಂದೊಂದು ಪ್ರೋಟೀನ್ ಹೀಗೇ ಗಂಟು ಕಟ್ಟುತ್ತದೆ. ಅವುಗಳ ಒಳಗೆ ಇವತ್ತು ಹೋಗುವುದಿಲ್ಲ.

ಈಗ ನನಗೆ ತುಂಬಾ ಮುಖ್ಯವಾದ ಪ್ರಶ್ನೆ. ಕಲೆಯಿಂದಲೇ ಮರೆವು ಬರುತ್ತದೆಯೇ?

ಹೌದು ಅನ್ನಲು ಬಲವಾದ ಕಾರಣಗಳಿವೆ. 1984ರಲ್ಲಿ ಗ್ಲೆನರ್ ಮತ್ತು ವಾಂಗ್ ಅಮೈಲಾಯ್ಡ್ ಬೀಟಾವನ್ನು ಬೇರ್ಪಡಿಸಿ ಗುರುತಿಸಿದರು. ಮೂಲ ಪ್ರೋಟೀನಿನ ಜೀನ್ 21ನೇ ಕ್ರೋಮೋಸೋಮಿನಲ್ಲಿದೆ ಅಂತ 1987ರಲ್ಲಿ ಗೊತ್ತಾಯಿತು. ಡೌನ್ ಸಿಂಡ್ರೋಮ್ ಇರುವವರಿಗೆ ಆ ಕ್ರೋಮೋಸೋಮು ಎರಡರ ಬದಲು ಮೂರು. ಅವರಲ್ಲಿ ಬಹುತೇಕ ಎಲ್ಲರ ಮಿದುಳಿನಲ್ಲೂ ನಲವತ್ತರ ಹೊತ್ತಿಗೆ ಕಲೆಗಳು ಬಂದಿರುತ್ತವೆ. ಅದೇ ಜೀನಿನ ಒಂದು ಬದಲಾವಣೆಯಿಂದ ಕೆಲವು ಕುಟುಂಬಗಳಲ್ಲಿ ಐವತ್ತರ ಸುಮಾರಿಗೇ ಕಾಯಿಲೆ ಬರುತ್ತದೆ ಅಂತ 1991ರಲ್ಲಿ ಲಂಡನ್ನಿನಲ್ಲಿ ಕಂಡರು. ಐಸ್‌ಲ್ಯಾಂಡಿನಲ್ಲಿ ಅದೇ ಜೀನಿನ ಇನ್ನೊಂದು ಬದಲಾವಣೆ ಸಿಕ್ಕಿತು. ಅದು ಇರುವವರಿಗೆ ಚೂರು ಕಡಿಮೆ ತಯಾರಾಗುತ್ತದೆ, ಕಾಯಿಲೆಯೂ ಕಡಿಮೆ. ಇಷ್ಟೆಲ್ಲ ಇಟ್ಟುಕೊಂಡು ಅಮೈಲಾಯ್ಡೇ ಮೊದಲ ಕಾರಣ ಅಂದರೆ ತಪ್ಪು ಅನ್ನಲಾಗುವುದಿಲ್ಲ.

ಆದರೆ ಇನ್ನೊಂದು ಮಗ್ಗುಲಿದೆ. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ 678 ಜನ ಕ್ರೈಸ್ತ ಸನ್ಯಾಸಿನಿಯರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಎಲ್ಲರೂ 75 ದಾಟಿದವರು, ಎಲ್ಲರೂ ಸತ್ತ ಮೇಲೆ ಮಿದುಳು ಕೊಡುತ್ತೇವೆ ಅಂತ ಒಪ್ಪಿದವರು. ಅವರಲ್ಲಿ ಸಿಸ್ಟರ್ ಮೇರಿ ಅಂತ ಒಬ್ಬರು 101 ವರ್ಷ ಬದುಕಿದರು. ಕೊನೆಯ ತನಕ ನೆನಪಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ಅವರ ಮಿದುಳು ತೆರೆದು ನೋಡಿದರೆ ಕಲೆಗಳು, ಸಿಕ್ಕುಗಳು ಧಾರಾಳವಾಗಿದ್ದವು. ಸ್ಲೈಡ್ ಮಾತ್ರ ನನ್ನ ಕೈಗೆ ಕೊಟ್ಟಿದ್ದರೆ ಈ ಹೆಂಗಸಿಗೆ ಅಲ್ಝೈಮರ್ ಇತ್ತು ಅಂತಲೇ ಬರೆಯುತ್ತಿದ್ದೆ.

ಇನ್ನೊಬ್ಬ ಹೆಂಗಸು ಕೊಲಂಬಿಯಾದವರು. ಅಲ್ಲಿನ ಆಂಟಿಯೋಕಿಯ ಪ್ರಾಂತದಲ್ಲಿ ಒಂದು ದೊಡ್ಡ ವಂಶ ಇದೆ. ಒಂದು ಜೀನಿನ ದೋಷದಿಂದ ಅಲ್ಲಿ ನಲವತ್ತು ದಾಟುತ್ತಿದ್ದ ಹಾಗೆ ಮರೆವು ಶುರು. ಫ್ರಾನ್ಸಿಸ್ಕೊ ಲೊಪೆರಾ ಅನ್ನುವ ವೈದ್ಯರು ದಶಕಗಳ ಕಾಲ ಆ ಜನರ ಜೊತೆ ನಿಂತರು. ಅದೇ ದೋಷ ಇದ್ದ ಈ ಹೆಂಗಸಿಗೆ ಎಪ್ಪತ್ತು ದಾಟುವ ತನಕ ಏನೂ ಆಗಲಿಲ್ಲ. ಸ್ಕ್ಯಾನ್ ಮಾಡಿದರೆ ಅಮೈಲಾಯ್ಡ್ ವಿಪರೀತ. ಆದರೆ ಒಳಗಿನ ಸಿಕ್ಕು ಬಹಳ ಕಡಿಮೆ. ಅವರಲ್ಲಿ ಇನ್ನೊಂದು ಅಪರೂಪದ ಜೀನ್ ಇತ್ತು, ಅದು ಅವರನ್ನು ಕಾಪಾಡಿತು ಅಂತ 2019ರಲ್ಲಿ ವರದಿ ಬಂತು.

ನೆನಪಿಡಿ ಅಂದಿದ್ದೆನಲ್ಲ, ಹೊರಗೆ ಕಲೆ, ಒಳಗೆ ಸಿಕ್ಕು. ಸಿಕ್ಕು ಟೌ ಅನ್ನುವ ಪ್ರೋಟೀನಿನದು. ನರಕೋಶದ ಉದ್ದನೆಯ ಬಾಲದೊಳಗೆ ಸಾಮಾನು ಸಾಗಿಸುವ ಹಳಿಗಳಿವೆ. ಟೌ ಆ ಹಳಿಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಕಾಯಿಲೆಯಲ್ಲಿ ಹಿಡಿತ ಬಿಟ್ಟು ತನ್ನಲ್ಲೇ ಸಿಕ್ಕಾಗುತ್ತದೆ. ಮರೆವು ಎಷ್ಟಿದೆ ಅನ್ನುವುದು ಕಲೆಯ ಲೆಕ್ಕಕ್ಕಿಂತ ಈ ಸಿಕ್ಕಿನ ಲೆಕ್ಕಕ್ಕೆ ಹೆಚ್ಚು ಹೊಂದುತ್ತದೆ. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಅಮೈಲಾಯ್ಡ್ ಕಿಡಿ, ಟೌ ಬೆಂಕಿ. ಬೆಂಕಿ ಹತ್ತಿದ ಮೇಲೆ ಕಿಡಿ ಆರಿಸಿದರೆ ಮನೆ ಉಳಿಯುವುದಿಲ್ಲ.

ಔಷಧಗಳ ಇತಿಹಾಸ ಇದನ್ನೇ ಹೇಳುತ್ತದೆ. ಅಮೈಲಾಯ್ಡ್ ವಿರುದ್ಧ ಒಂದು ಲಸಿಕೆ ಮಾಡಿದ್ದರು. ಕೆಲವರಿಗೆ ಮಿದುಳಿನ ಉರಿಯೂತ ಬಂದು 2002ರಲ್ಲಿ ನಿಲ್ಲಿಸಿದರು. ಆ ಲಸಿಕೆ ಪಡೆದವರಲ್ಲಿ ಕೆಲವರು ವರ್ಷಗಳಾದ ಮೇಲೆ ತೀರಿಕೊಂಡಾಗ ಮಿದುಳು ನೋಡಿದರು. ಒಬ್ಬಿಬ್ಬರಲ್ಲಿ ಕಲೆಗಳು ಹೆಚ್ಚುಕಡಿಮೆ ಮಾಯವಾಗಿದ್ದವು. ಆದರೂ ಅವರು ಸಾಯುವ ಹೊತ್ತಿಗೆ ಎಲ್ಲವನ್ನೂ ಮರೆತಿದ್ದರು. ಕಲೆ ಹೋಯಿತು, ಮರೆವು ನಿಲ್ಲಲಿಲ್ಲ. 2008ರಲ್ಲಿ ಈ ವರದಿ ಓದಿದ ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ.

ಈಗ ಅಮೈಲಾಯ್ಡನ್ನು ತೆಗೆಯುವ ಲೆಕಾನೆಮ್ಯಾಬ್ ಅಂತ ಔಷಧ ಬಂದಿದೆ. ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು. 1795 ಜನರ ಮೇಲೆ ಹದಿನೆಂಟು ತಿಂಗಳು ನೋಡಿದರು. ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಟ್ಟರು. ಕಾಯಿಲೆ ಎಷ್ಟು ಬಲಿತಿದೆ ಅಂತ ನೋಡುವ 18 ಅಂಕದ ಅಳತೆಯಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಬಂದ ವ್ಯತ್ಯಾಸ 0.45 ಅಂಕ. ಕಾಯಿಲೆ ಮುಂದುವರಿಯುವ ವೇಗ ಶೇಕಡ 27ರಷ್ಟು ತಗ್ಗಿತು ಅಂತ ಪೇಪರಿನಲ್ಲಿ ಬಂದದ್ದು ಇದೇ. ಎರಡೂ ಸರಿಯಾದ ಲೆಕ್ಕ. ಆದರೆ ಮನೆಯವರಿಗೆ ನಾನು 0.45 ಅನ್ನುವುದನ್ನು ಮೊದಲು ಹೇಳುತ್ತೇನೆ. ಔಷಧ ಪಡೆದವರಲ್ಲಿ ಶೇಕಡ 12ಕ್ಕಿಂತ ಹೆಚ್ಚು ಜನರ ಮಿದುಳಿನಲ್ಲಿ ಊತ ಕಂಡಿತು ಅನ್ನುವುದನ್ನೂ ಹೇಳುತ್ತೇನೆ. ಆದರೂ ಇದು ಸಣ್ಣ ಗೆಲುವಲ್ಲ. ನೂರು ವರ್ಷದಲ್ಲಿ ಮೊದಲ ಸಲ ಕಾಯಿಲೆಯ ಮೂಲಕ್ಕೆ ಕೈ ಹಾಕಿ ಅದರ ನಡಿಗೆಯನ್ನು ಸ್ವಲ್ಪವಾದರೂ ನಿಧಾನ ಮಾಡಿದ್ದೇವೆ.

ಯಾಕೆ ಸ್ವಲ್ಪ ಮಾತ್ರ? ತಡವಾಗಿದೆ. 2004ರಿಂದ ಬದುಕಿರುವವರ ಮಿದುಳಿನಲ್ಲೇ ಕಲೆಗಳನ್ನು ಪೆಟ್ ಸ್ಕ್ಯಾನಿನಲ್ಲಿ ನೋಡಲು ಸಾಧ್ಯವಾಯಿತು. ಆಗ ಗೊತ್ತಾದದ್ದು, ಮರೆವು ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಕಲೆ ಕಟ್ಟಲು ಶುರುವಾಗಿರುತ್ತದೆ. ಅಮ್ಮನ ವಯಸ್ಸಿನಿಂದ ಇಪ್ಪತ್ತು ವರ್ಷ ಕಳೆದು ನೋಡಿ. ಅದು ನನ್ನ ಮದುವೆಯ ಕಾಲ. ಅಮ್ಮ ಮುನ್ನೂರು ಹೋಳಿಗೆ ಲೆಕ್ಕ ತಪ್ಪದೆ ಬೇಯಿಸಿ, ಯಾವ ನೆಂಟರಿಗೆ ಯಾವ ಸೀರೆ ಅಂತ ಚೀಟಿ ಇಲ್ಲದೆ ಹೇಳಿದ್ದರು. ಆಗಲೇ ಒಳಗೆ ಹೆಪ್ಪು ಬಿದ್ದಿತ್ತು. ನಮಗೆ ಬೆಳಿಗ್ಗೆ ತಟ್ಟೆ ತೆಗೆದಾಗ ಕಂಡಿತು, ಅಷ್ಟೆ.

ಹಾಗಾದರೆ ಒಂದೇ ಅಷ್ಟು ಕಲೆಯಿದ್ದರೂ ಒಬ್ಬರು ಬೇಗ ಮರೆಯುತ್ತಾರೆ, ಇನ್ನೊಬ್ಬರು ತಡವಾಗಿ. ಯಾಕೆ? ಇದಕ್ಕೆ ನಮ್ಮ ನೆಲದಿಂದಲೇ ಒಂದು ಉತ್ತರ ಬಂದಿದೆ. ಡಾ. ಸುವರ್ಣ ಅಲ್ಲಾಡಿ ಮತ್ತು ಅವರ ಜೊತೆಗಾರರು ಹೈದರಾಬಾದಿನಲ್ಲಿ ಡಿಮೆನ್ಷಿಯಾ, ಅಂದರೆ ದಿನದ ಬದುಕಿಗೇ ಅಡ್ಡಬರುವಷ್ಟು ಮರೆವಿನ ಕಾಯಿಲೆ ಇದ್ದ 648 ಜನರನ್ನು ನೋಡಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ, ಒಂದೇ ಭಾಷೆ ಆಡುವವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಮರೆವು ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. 2013ರ ಮಾತು ಇದು. ಅವರು ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು ಅಂತ ಬದುಕುವುದು ಕೋಲಾರದ ಕಡೆಯವರಿಗೆ ಮಾಮೂಲು ಅಲ್ವಾ? ಎರಡು ಭಾಷೆ ಕಲೆಯನ್ನು ತಡೆಯುತ್ತದೆ ಅಂತ ಇದರ ಅರ್ಥ ಅಲ್ಲ. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಹಿಡಿಯುವ ಅಭ್ಯಾಸ ಆ ಮಿದುಳಿಗೆ ಇರುತ್ತದೆ ಅಂತ ವಿಜ್ಞಾನಿಗಳ ವಿವರಣೆ.

ಕೋಲಾರ ಅಂದೆ. ಅಲ್ಲಿನ ಶ್ರೀನಿವಾಸಪುರ ನಿಮಗೆ ಮಾವಿನ ಹಣ್ಣಿನಿಂದ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷೆ ಮಾಡುವ ಅಧ್ಯಯನ ಕೈಗೊಂಡಿದ್ದಾರೆ. ರಕ್ತ, ನೆನಪು, ನಡಿಗೆ, ಕಿವಿ, ಕಣ್ಣು, ಸ್ಕ್ಯಾನ್ ಎಲ್ಲವೂ. ಇದು ಎಷ್ಟು ದೊಡ್ಡ ಕೆಲಸ ಅಂತ ನಾವು ಸಾಕಷ್ಟು ಮಾತಾಡುತ್ತಿಲ್ಲ. ಅಲ್ಝೈಮರ್ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಯೂರೋಪು, ಅಮೆರಿಕದ ಜನರಿಂದ ಗೊತ್ತಾದದ್ದು. ನಮ್ಮ ಊಟ, ನಮ್ಮ ಸಕ್ಕರೆ ಕಾಯಿಲೆ, ನಮ್ಮ ಜೀನು ಬೇರೆ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರ ಒಂದು ಅಂದಾಜು. ಶೇಕಡ 7.4. ನೂರು ಜನರಲ್ಲಿ ಏಳು ಜನ ಅಂದರೆ, ಉಳಿದ 93 ಜನರಿಗೆ ಇಲ್ಲ. ಅರವತ್ತಾದ ಕೂಡಲೇ ಅರಳು ಮರಳು ಆಗುವುದು ಸಹಜ ಆಗಿದ್ದರೆ ಈ ಲೆಕ್ಕ ತಲೆಕೆಳಗಾಗಿರುತ್ತಿತ್ತು.

ಇನ್ನೊಂದು ಮಾತು. ಮರೆವು ಬಂದ ಎಲ್ಲರಿಗೂ ಅಲ್ಝೈಮರ್ ಇರುವುದಿಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ನಿಂತಿರುವುದು, ಕೆಲವು ಮಾತ್ರೆಗಳು, ಇವೆಲ್ಲ ಮರೆವು ತರುತ್ತವೆ. ಇವುಗಳಿಗೆ ಚಿಕಿತ್ಸೆ ಇದೆ. ವಯಸ್ಸಾಯ್ತು ಬಿಡಿ ಅಂತ ಮನೆಯಲ್ಲೇ ಕೂರಿಸಿದರೆ ವಾಸಿಯಾಗುವ ಕಾಯಿಲೆಯನ್ನೂ ಬಿಟ್ಟುಬಿಟ್ಟ ಹಾಗೆ. ಕಿವಿ ಕೇಳದವರಿಗೆ ಮಾತು ಕಡಿಮೆಯಾಗುತ್ತದೆ, ಮಾತು ಕಡಿಮೆಯಾದರೆ ಮಿದುಳಿಗೆ ಕೆಲಸ ಕಡಿಮೆ. ಕಿವಿ ಮಂದವಾಗುವುದು, ಬಿಪಿ, ಸಕ್ಕರೆ, ಬೀಡಿ ಸಿಗರೇಟು ಇಂಥ 14 ಕಾರಣಗಳನ್ನು ಸರಿಪಡಿಸಿದರೆ ಡಿಮೆನ್ಷಿಯಾದಲ್ಲಿ ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ 2024ರಲ್ಲಿ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿದೆ.

ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ನೀವು ಒಮ್ಮೆ ಹೋಗಿ ಬನ್ನಿ. ಅಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿಯಬಹುದು. ಆರೋಗ್ಯವಂತರದ್ದು ಒಂದು ಕಿಲೋ ಮುನ್ನೂರು ಗ್ರಾಂ ಸುಮಾರು ತೂಗುತ್ತದೆ. ಕಾಯಿಲೆ ಬಲಿತ ಮಿದುಳು ಸುಕ್ಕಾಗಿ ಒಂದು ಕಿಲೋಗಿಂತ ಕೆಳಗೂ ಇಳಿಯಬಹುದು. ಈ ಎಲ್ಲ ಜ್ಞಾನ ಬಂದಿರುವುದು ಯಾರೋ ಒಬ್ಬರ ಮನೆಯವರು ಅಳುತ್ತಲೇ "ಆಗಲಿ, ತಗೊಳ್ಳಿ" ಅಂದಿದ್ದರಿಂದ.

ಅಮ್ಮನ ವಿಷಯ ಹೇಳಿ ಮುಗಿಸುತ್ತೇನೆ. ಪರೀಕ್ಷೆ ಮಾಡಿದ ವೈದ್ಯರು ಅಲ್ಝೈಮರ್ ಅಂದರು. ಆಮೇಲೆ ಏಳು ವರ್ಷ ಬದುಕಿದ್ದರು. ಕೊನೆಕೊನೆಗೆ ನನ್ನನ್ನು ತಮ್ಮ ಅಕ್ಕ ಅಂದುಕೊಂಡಿದ್ದರು. "ಅಕ್ಕಾ, ಅಣ್ಣಯ್ಯ ಹೊಲದಿಂದ ಬಂದ್ನಾ?" ಅಂತ ಕೇಳುತ್ತಿದ್ದರು. "ಬರ್ತಾನೆ ಕಣೇ" ಅನ್ನುತ್ತಿದ್ದೆ. ಕಾಯಿಲೆ ಮೊದಲು ಹಿಡಿಯುವುದು ಹಿಪೊಕ್ಯಾಂಪಸ್ ಅನ್ನುವ ಭಾಗವನ್ನು. ಇವತ್ತು ಏನಾಯಿತು ಅಂತ ಬರೆದಿಡುವ ಜಾಗ ಅದು. ಕೈ ಕಲಿತ ಕೆಲಸಗಳು ಇರುವುದು ಬೇರೆ ಕಡೆ, ಮಿದುಳಿನ ಆಳದಲ್ಲಿ. ಅಲ್ಲಿಗೆ ಕಾಯಿಲೆ ತಡವಾಗಿ ತಲುಪುತ್ತದೆ. ಇದನ್ನು ಎಷ್ಟೋ ಸಲ ಪಾಠ ಮಾಡಿದ್ದೆ. ಒಂದು ರಾತ್ರಿ ಅನ್ನಿಸಿ, ಹಾಲಿನ ಪಾತ್ರೆಯನ್ನೂ ಮೊಸರಿನ ಬಟ್ಟಲನ್ನೂ ಅಮ್ಮನ ಮುಂದೆ ಇಟ್ಟೆ. ಏನೂ ಹೇಳಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿರುಬೆರಳು ಅದ್ದಿದರು. "ಇನ್ನೂ ಬಿಸಿ ಇದೆ ಅಕ್ಕಾ, ತಾಳು" ಅಂದರು. ಇಬ್ಬರೂ ಕೂತು ಕಾದೆವು.